ಪಿಕಪ್ ಬದಲಿಸುವುದೋ, ಗಿಟಾರನ್ನೇ ಬದಲಿಸುವುದೋ?

ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಮೊದಲು ಕೊಂಡ ಗಿಟಾರಿನ ನಾದ ಈಗ ಹಿಡಿಸುತ್ತಿಲ್ಲ. ಒಳ್ಳೆಯ ಪಿಕಪ್ ಹಾಕಿಸಲೋ, ಹೊಸ ಗಿಟಾರನ್ನೇ ಕೊಳ್ಳಲೋ?" ಖರ್ಚಾಗುವುದು ಬಹಳ ಸಲ ಅಪ್ಪ ಅಮ್ಮನ ದುಡ್ಡು. ಹಾಗಾಗಿ ಇವತ್ತು ಇದನ್ನೇ ಬಿಡಿಸಿ ಹೇಳುತ್ತೇನೆ.

ಪಿಕಪ್ಪಿನೊಳಗೆ ಇರುವುದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಪೂರ ತಾಮ್ರದ ಎಳೆಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ವಿಜ್ಞಾನಿ ಫ್ಯಾರಡೆ ತೋರಿಸಿದ್ದೂ ಈ ತತ್ವವನ್ನೇ. ಅಂದರೆ, ತಂತಿ ಕೊಟ್ಟಿದ್ದನ್ನು ಮಾತ್ರ ಪಿಕಪ್ ತೆಗೆದುಕೊಳ್ಳುತ್ತದೆ. ಶ್ರುತಿ ನಿಲ್ಲದಿದ್ದರೆ, ಫ್ರೆಟ್ ಸವೆದು ತಂತಿ ಜರ್ ಎನ್ನುತ್ತಿದ್ದರೆ, ನೆಕ್ ತಿರುಚಿಕೊಂಡಿದ್ದರೆ, ಎಷ್ಟು ದುಬಾರಿ ಪಿಕಪ್ ಹಾಕಿದರೂ ಆ ದೋಷವೇ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ. ದುಬಾರಿ ಪಿಕಪ್ ಹಾಕಿದರೆ ಅಗ್ಗದ ಗಿಟಾರ್ ದುಬಾರಿ ಗಿಟಾರ್ ಆಗುತ್ತದೆ ಎನ್ನುವ ಮಾತನ್ನು ದಯವಿಟ್ಟು ನಂಬಬೇಡಿ.

ಅಂಗಡಿಗೆ ಹೋಗುವ ಮುಂಚೆ ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಪಿಕಪ್ಪಿನ ಅಕ್ಕಪಕ್ಕದ ಸ್ಕ್ರೂಗಳು ಅದನ್ನು ಏರಿಸಿ ಇಳಿಸುವುದಕ್ಕೇ ಇರುವುದು. ಹತ್ತಿರ ತಂದಷ್ಟೂ ಸದ್ದು ಹೆಚ್ಚುತ್ತದೆ, ನಿಜ. ಆದರೆ ಅಯಸ್ಕಾಂತ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ತಂತಿಯನ್ನು ಎಳೆಯುತ್ತದೆ. ತೀರಾ ಹತ್ತಿರವಿದ್ದರೆ ತಂತಿ ಸಲೀಸಾಗಿ ಆಡಲಾರದು. ನಾದ ಬೇಗ ಸಾಯುತ್ತದೆ. ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲೆಅಲೆಯಾಗಿ ತೊನೆಯುತ್ತದೆ, ಎಷ್ಟು ಶ್ರುತಿ ಮಾಡಿದರೂ ಕೂಡುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ: ಹತ್ತಿರವಾದರೆ ಸದ್ದು ಜಾಸ್ತಿ, ನಾದ ಕಮ್ಮಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ 2 ಮಿಲಿಮೀಟರಿನಷ್ಟು ಅಂತರ ಬಿಡಿ. ದಪ್ಪ ತಂತಿಯ ಕಡೆ ತುಸು ಹೆಚ್ಚು. ಅಲ್ಲಿಂದ ಮುಂದೆ ಕಾಲು ಸುತ್ತು ತಿರುಗಿಸಿ ಕೇಳಿ, ಮತ್ತೆ ಕಾಲು ಸುತ್ತು, ಮತ್ತೆ ಕೇಳಿ. ಪಿಕಪ್ ಬದಲಿಸಿಕೊಡಿ ಎಂದು ನನ್ನ ಬಳಿ ತಂದ ಎಷ್ಟೋ ಗಿಟಾರುಗಳು ಇಷ್ಟಕ್ಕೇ ಸರಿಹೋಗಿವೆ. ಯಾರೂ ಇದನ್ನು ಮೊದಲು ಮಾಡಿ ನೋಡುವುದಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಎತ್ತರ ಸರಿಮಾಡಿದರೂ ನಾದ ಹಿಡಿಸದಿದ್ದರೆ ಆಂಪ್ಲಿಫೈಯರ್, ಅಂದರೆ ಆಂಪ್ ಪರೀಕ್ಷಿಸಿ. ಗೆಳೆಯರ ಗಿಟಾರನ್ನು ನಿಮ್ಮ ಆಂಪ್‌ಗೆ ಸಿಕ್ಕಿಸಿ ನುಡಿಸಿ. ಅದೂ ಮಂಕಾಗಿ ಕೇಳಿದರೆ ಕೊರತೆ ಆಂಪಿನದ್ದು. ನೆಕ್ ನೇರವಾಗಿದ್ದು, ಶ್ರುತಿ ನಿಂತು, ಗಿಟಾರ್ ನಿಮ್ಮ ಕೈಗೆ ಒಗ್ಗಿದ್ದರೆ ಪಿಕಪ್ಪಿಗೆ ಧಾರಾಳವಾಗಿ ದುಡ್ಡು ಹಾಕಿ. ಅದರಲ್ಲೂ ಒಂದೇ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್ಪಿನ ಗುಂಯ್ ಸದ್ದೇ ನಿಮ್ಮ ದೂರಾಗಿದ್ದರೆ, ಬದಲಿಸಿದ್ದು ಖಂಡಿತ ಫಲ ಕೊಡುತ್ತದೆ. ಆ ಗುಂಯ್ ಎನ್ನುವುದು ಮನೆಯ ವಿದ್ಯುತ್ತಿನ 50 ಹರ್ಟ್ಜ್ ಸದ್ದು. 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಹಂಬಕರ್ ರೂಪಿಸಿದ್ದು ಈ ಸದ್ದನ್ನು ಅಳಿಸುವುದಕ್ಕಾಗಿಯೇ. ಸಿಂಗಲ್ ಕಾಯಿಲ್ ಜಾಗದಲ್ಲೇ ಕೂರುವ ಹಂಬಕರ್‌ಗಳೂ ಸಿಗುತ್ತವೆ. ನೆಕ್ ತಿರುಚಿದ್ದರೆ ಮಾತ್ರ ಹೊಸ ಗಿಟಾರಿಗೆ ದುಡ್ಡು ಕೂಡಿಡಿ.

ಪಿಕಪ್ ಬದಲಿಸಿದವರು ಹಳೆಯದನ್ನು ಎಸೆಯಬೇಡಿ. ಮುಂದೆ ಗಿಟಾರ್ ಮಾರುವಾಗ ಅದನ್ನೇ ಮತ್ತೆ ಕೂರಿಸಿ ಮಾರಿ. ಒಳ್ಳೆಯದನ್ನು ಬಿಚ್ಚಿ ಇಟ್ಟುಕೊಳ್ಳಿ, ಮುಂದಿನ ಗಿಟಾರಿಗೆ ಬರುತ್ತದೆ.