ನಿಂತು ದುಡಿಯುವವರ ಸೊಂಟನೋವು: ಪರಿಹಾರ ಮತ್ತು ಮುನ್ನೆಚ್ಚರಿಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಫಿಸಿಯೋಥೆರಪಿ ನನ್ನ ವೃತ್ತಿ. ಆರೋಗ್ಯದ ಬಗ್ಗೆ ಏನಾದರೂ ಮಾತನಾಡಿ ಎಂದು ಸಮಿತಿಯವರು ಕೇಳಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಬಿಟ್ಟು ಸೊಂಟನೋವನ್ನು ಆರಿಸಿಕೊಂಡೆ. ಕಾರಣ ಈ ಸಭೆಯಲ್ಲೇ ಇದೆ. ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ ಮಾಡುವ ಮೇಷ್ಟ್ರು, ಟೀಚರುಗಳು ಇಲ್ಲಿದ್ದಾರೆ. ಬೆಳಗಿನಿಂದ ಒಲೆಯ ಮುಂದೆ ನಿಂತು ಬಿಸಿಯೂಟ ಬೇಯಿಸುವ ಅಮ್ಮಂದಿರಿದ್ದಾರೆ. ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಬಸ್ ಕಂಡಕ್ಟರುಗಳಿದ್ದಾರೆ, ನರ್ಸುಗಳಿದ್ದಾರೆ, ಕ್ಷೌರದಂಗಡಿ, ಇಸ್ತ್ರಿ ಅಂಗಡಿ ಇಟ್ಟವರಿದ್ದಾರೆ, ಗಾರ್ಮೆಂಟ್ಸಿನ ಚೆಕಿಂಗ್ ವಿಭಾಗದಲ್ಲಿ, ಪೇಟೆಯ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಇವರೆಲ್ಲ ಸಂಜೆ ಮನೆಗೆ ಬಂದು ಮೊದಲು ಹೇಳುವ ಮಾತು ಒಂದೇ: "ಸೊಂಟ ಬಿದ್ದುಹೋಯ್ತು."

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಅಷ್ಟು ಜನರಿಗೂ ಕಾರಣ ಒಂದೇ ಅಲ್ಲ. ನಾನು ಇವತ್ತು ಹೇಳುವುದು ಬಹಳ ಹೊತ್ತು ನಿಲ್ಲುವುದರಿಂದ ಬರುವ ನೋವಿನ ಬಗ್ಗೆ ಮಾತ್ರ.

ದಿನವಿಡೀ ಹೊಲದಲ್ಲಿ ಓಡಾಡಿದವರು ಕೂಡ ಮದುವೆ ಮನೆಯ ಆರತಕ್ಷತೆಯ ಸಾಲಿನಲ್ಲಿ ಒಂದು ಗಂಟೆ ನಿಂತರೆ ಸೊಂಟ ಹಿಡಿದುಕೊಳ್ಳುತ್ತಾರೆ. ಏಕೆ? ನಡೆಯುವಾಗ ಸ್ನಾಯುಗಳು ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಒಂದು ದುಡಿಯುವಾಗ ಇನ್ನೊಂದು ವಿಶ್ರಾಂತಿ ಪಡೆಯುತ್ತದೆ. ಅಲ್ಲಾಡದೆ ನಿಂತಾಗ ಸೊಂಟದ ಸ್ನಾಯುಗಳು ಬಿಗಿಹಿಡಿದೇ ಇರಬೇಕು. ಬಿಗಿಹಿಡಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ, ಅದು ಬೇಗ ದಣಿಯುತ್ತದೆ. ದಣಿದಾಗ ನಾವು ಹೊಟ್ಟೆಯನ್ನು ಮುಂದಕ್ಕೆ ಬಿಟ್ಟು, ಸೊಂಟವನ್ನು ಇನ್ನಷ್ಟು ಒಳಕ್ಕೆ ಬಾಗಿಸಿ ನಿಲ್ಲುತ್ತೇವೆ. ಆಗ ಬೆನ್ನುಮೂಳೆಯ ಹಿಂಭಾಗದ ಚಿಕ್ಕ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ.

ಕಾಲಿನಲ್ಲೂ ಒಂದು ಕೆಲಸ ನಿಂತುಹೋಗುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ತಂಗುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ತಲೆಸುತ್ತಿ ಬೀಳುವುದಕ್ಕೆ ಇದೂ ಒಂದು ಕಾರಣ. ಮಕ್ಕಳೇ, ಸಾಲಿನಲ್ಲಿ ನಿಂತಾಗ ಶೂಸಿನ ಒಳಗೇ ಕಾಲ್ಬೆರಳು ಆಡಿಸಿ, ಹಿಮ್ಮಡಿ ಸ್ವಲ್ಪ ಎತ್ತಿ ಇಳಿಸಿ. ಶಿಸ್ತಿಗೇನೂ ಭಂಗ ಬರುವುದಿಲ್ಲ.

ಇಷ್ಟು ತಿಳಿದರೆ ಪರಿಹಾರ ಅರ್ಧ ಸಿಕ್ಕಂತೆಯೇ: ನಿಲ್ಲಬೇಕಾದರೆ ನಿಲ್ಲಿ, ಆದರೆ ಒಂದೇ ಭಂಗಿಯಲ್ಲಿ ನಿಲ್ಲಬೇಡಿ.

ಮೊದಲನೆಯದು ಮಣೆ. ಊಟಕ್ಕೆ ಕೂರಲು ಇದ್ದ ಮಣೆಗಳು ಈಗ ಅಟ್ಟ ಸೇರಿವೆ. ಒಂದನ್ನು ಕೆಳಗಿಳಿಸಿ ಅಡುಗೆ ಕಟ್ಟೆಯ ಬುಡದಲ್ಲಿಡಿ. ನಿಂತಾಗ ಒಂದು ಕಾಲನ್ನು ಅದರ ಮೇಲಿಡಿ, ಐದು ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಿ. ಒಂದು ಕಾಲು ಮೇಲೆ ಬಂದಾಗ ಸೊಂಟದ ಒಳಬಾಗು ಕಡಿಮೆಯಾಗಿ ಬೆನ್ನಿಗೆ ಹಗುರವಾಗುತ್ತದೆ. ನಾಲ್ಕರಿಂದ ಆರು ಅಂಗುಲ ಎತ್ತರ ಸಾಕು. ಮಣೆ ಸಿಗದಿದ್ದರೆ ಇಟ್ಟಿಗೆಯೂ ಆದೀತು. ಇಸ್ತ್ರಿ ಮೇಜಿನ ಕೆಳಗೆ, ಅಂಗಡಿಯ ಗಲ್ಲಾದ ಕೆಳಗೆ, ಕರಿಹಲಗೆಯ ಪಕ್ಕದಲ್ಲೂ ಇಡಬಹುದು.

ಎರಡನೆಯದು ಕೆಲಸದ ಎತ್ತರ. ಮೇಸ್ತ್ರಿ ಎಲ್ಲ ಮನೆಗೂ ಒಂದೇ ಅಳತೆಯಲ್ಲಿ ಅಡುಗೆ ಕಟ್ಟೆ ಕಟ್ಟುತ್ತಾರೆ. ಮನೆಯಾಕೆ ಎತ್ತರವಿದ್ದರೆ ಬಗ್ಗಬೇಕು, ಗಿಡ್ಡವಿದ್ದರೆ ಭುಜ ಎತ್ತಿ ಬೆನ್ನು ಹಿಂದಕ್ಕೆ ಬಾಗಿಸಬೇಕು. ನೇರ ನಿಂತು ಮೊಣಕೈ ಮಡಚಿ ನೋಡಿ. ತರಕಾರಿ ಹೆಚ್ಚುವ ಕಟ್ಟೆ ಮೊಣಕೈಗಿಂತ ಸುಮಾರು ನಾಲ್ಕು ಅಂಗುಲ ಕೆಳಗಿರಲಿ. ಹಿಟ್ಟು ನಾದುವಂತಹ ಬಲ ಹಾಕುವ ಕೆಲಸಕ್ಕೆ ಇನ್ನೂ ಸ್ವಲ್ಪ ಕೆಳಗಿರಲಿ. ಒಲೆಯ ಮೇಲೆ ಪಾತ್ರೆಯ ಎತ್ತರವೂ ಸೇರುತ್ತದೆ. ಬಿಸಿಯೂಟದ ದೊಡ್ಡ ಪಾತ್ರೆ ಇಡುವ ಒಲೆ ಆದ್ದರಿಂದ ತಗ್ಗಿನಲ್ಲಿರಬೇಕು. ಹೊಸ ಮನೆ ಕಟ್ಟಿಸುವವರು ಕಟ್ಟೆ ಹಾಕಿಸುವ ಮೊದಲು ಅಡುಗೆ ಮಾಡುವವರನ್ನು ನಿಲ್ಲಿಸಿ ಅಳತೆ ತೆಗೆದುಕೊಳ್ಳಿ.

ಮೂರನೆಯದು ಕಾಲಡಿ. ಗ್ರಾನೈಟ್, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲಬೇಡಿ. ದಪ್ಪ ರಬ್ಬರ್ ಮ್ಯಾಟ್ ಹಾಸಿ, ಅಥವಾ ಮೆತ್ತನೆಯ ಅಟ್ಟೆಯ ಚಪ್ಪಲಿ ಹಾಕಿಕೊಳ್ಳಿ. ಸವೆದು ಒಂದು ಕಡೆ ವಾಲಿದ ಚಪ್ಪಲಿ, ಎತ್ತರದ ಹಿಮ್ಮಡಿ ಎರಡೂ ಬೇಡ.

ನಾಲ್ಕನೆಯದು ಬಿಡುವು. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ನಡೆಯಿರಿ, ಇಲ್ಲವೇ ಕೂರಿ. ಹಾಗೆಂದು ಇಡೀ ದಿನ ಕೂರುವುದೂ ಮದ್ದಲ್ಲ. ಮುಂದಕ್ಕೆ ಬಗ್ಗಿ ಕೂತಾಗ ಬೆನ್ನಿನ ಡಿಸ್ಕಿನ ಮೇಲೆ ನಿಂತಾಗಿಗಿಂತ ಹೆಚ್ಚು ಒತ್ತಡ ಬೀಳುತ್ತದೆ.

ಇನ್ನು ನೋವು ಬಂದ ದಿನ ಏನು ಮಾಡಬೇಕು? ಚಾಪೆಯ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಹಾಗೇ ಇರಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಶಾಖ ಕೊಡಿ. ಆಮೇಲೆ ಮಂಡಿ ಮಡಚಿ ಮಲಗಿ ಸೊಂಟವನ್ನು ನೆಲಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ ಮಾಡಿ. ಒಂದೊಂದೇ ಮಂಡಿಯನ್ನು ಎದೆಯತ್ತ ನಿಧಾನವಾಗಿ ಎಳೆದುಕೊಳ್ಳಿ. ನೋವು ತಗ್ಗಿದ ಮೇಲೆ ಮಂಡಿ ಮಡಚಿ ಮಲಗಿಯೇ ಪೃಷ್ಠವನ್ನು ಮೇಲೆತ್ತಿ ಇಳಿಸುವ ವ್ಯಾಯಾಮ ಸೇರಿಸಿ. ಇದು ಪೃಷ್ಠದ ಸ್ನಾಯುಗಳಿಗೆ ಬಲ ಕೊಡುತ್ತದೆ. ಅವು ಗಟ್ಟಿಯಿದ್ದರೆ ಸೊಂಟದ ಹೊರೆ ಇಳಿಯುತ್ತದೆ. ಯಾವುದೇ ವ್ಯಾಯಾಮ ನೋವು ಹೆಚ್ಚಿಸಿದರೆ ನಿಲ್ಲಿಸಿ.

ವಾರಗಟ್ಟಲೆ ಹಾಸಿಗೆ ಹಿಡಿಯಬೇಡಿ, ಸ್ನಾಯು ಇನ್ನಷ್ಟು ಸೋಲುತ್ತದೆ. ಔಷಧದಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಕೇಡು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ವರ್ಷ ಕಳೆಯುವವರಿದ್ದಾರೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನು ಶಿಫಾರಸು ಮಾಡಿತು. ಬೆಲ್ಟನ್ನು ಸಾಮಾನ್ಯ ಚಿಕಿತ್ಸೆಯಾಗಿ ಬಳಸುವುದು ಬೇಡವೆಂದಿತು.

ಕೆಲವು ಲಕ್ಷಣಗಳಿದ್ದರೆ ಮನೆಮದ್ದು ಬಿಟ್ಟು ವೈದ್ಯರ ಬಳಿ ಹೋಗಬೇಕು: ನೋವು ಮಂಡಿಯ ಕೆಳಗೂ ಇಳಿದು ಕಾಲು ಜೋಮು ಹಿಡಿಯುವುದು, ಬಿದ್ದ ಮೇಲೆ ಶುರುವಾದ ನೋವು, ಜೊತೆಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು. ಕಾಲಿನ ಬಲ ಕುಗ್ಗಿದರೆ, ಮೂತ್ರ ಮಲ ಹತೋಟಿ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ತಡ ಮಾಡಿದರೆ ಶಾಶ್ವತ ಊನ ಉಳಿಯಬಹುದು.

ಬಂಧುಗಳೇ, ಮಣೆ, ವ್ಯಾಯಾಮ ನಮ್ಮ ಕೈಯಲ್ಲಿವೆ. ಆದರೆ ಕೂರುವುದಕ್ಕೇ ಅನುಮತಿ ಇಲ್ಲದವರು ಏನು ಮಾಡಬೇಕು? ಕೇರಳದ ಬಟ್ಟೆ ಅಂಗಡಿಗಳಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೂ ಹೆಣ್ಣುಮಕ್ಕಳು ಕೂರುವಂತಿರಲಿಲ್ಲ. ಕೋಳಿಕ್ಕೋಡಿನಲ್ಲಿ ವಿಜಿ ಎಂಬ ದರ್ಜಿ ಹೆಣ್ಣುಮಗಳು ಮತ್ತು ಆಕೆಯ ಜೊತೆಗಾರ್ತಿಯರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಆ ರಾಜ್ಯ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಕೊಡಬೇಕೆಂದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಿಂತು ದುಡಿಯುವ ಕಾರ್ಖಾನೆ ಕೆಲಸಗಾರರಿಗೆ ಕೂರುವ ಏರ್ಪಾಡಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಮಿನಲ್ಲೇ ಬರೆದಿದ್ದರು. ಕೂರುವುದು ಸೋಮಾರಿತನವಲ್ಲ ಎಂಬುದನ್ನು ಅಷ್ಟು ಹಿಂದೆಯೇ ನಮ್ಮ ದೇಶ ಒಪ್ಪಿತ್ತು.

ಹಳೆಯ ವಿದ್ಯಾರ್ಥಿಗಳಲ್ಲಿ ಅಂಗಡಿ, ಹೋಟೆಲು ನಡೆಸುವವರಿದ್ದೀರಿ. ನಿಮ್ಮಲ್ಲಿ ದುಡಿಯುವವರಿಗೆ ತಲಾ ಒಂದು ಸ್ಟೂಲು ಹಾಕಿ, ಬಿಡುವಿದ್ದಾಗ ಕೂರಿ ಎಂದು ನೀವೇ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಅವರು ಕೂರುವುದಿಲ್ಲ. ಮೇಷ್ಟ್ರು ತರಗತಿಯಲ್ಲಿ ಕೂತದ್ದನ್ನು ಕಂಡರೆ ಊರಿನವರು ಆಡಿಕೊಳ್ಳಬೇಡಿ. ಇನ್ನು ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನು ಕೊಡೋಣ ಎಂಬ ಚರ್ಚೆ ನಡೆದಿದೆಯಂತೆ. ನನ್ನದೊಂದು ಮನವಿ: ಪ್ರತಿ ತರಗತಿಗೆ ಒಂದು ಎತ್ತರದ ಸ್ಟೂಲು, ಅಡುಗೆ ಮನೆಗೆ ಎರಡು ರಬ್ಬರ್ ಮ್ಯಾಟು, ಮೂರು ಮಣೆ, ಮತ್ತು ಅಡುಗೆಯ ಅಮ್ಮಂದಿರ ಮೊಣಕೈ ಅಳತೆಗೆ ತಕ್ಕಂತೆ ಕಟ್ಟಿದ ಒಂದು ಕಟ್ಟೆ. ಖರ್ಚು ಹೆಚ್ಚಿಲ್ಲ. ನಮ್ಮ ಮಕ್ಕಳಿಗೆ ಅಕ್ಷರ ಕೊಡುವವರೂ ಅನ್ನ ಕೊಡುವವರೂ ಸಂಜೆ ನೋವಿಲ್ಲದೆ ಮನೆಗೆ ಹೋಗಲಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ಈಗ ಎಲ್ಲರೂ ಒಮ್ಮೆ ಎದ್ದು ನಿಂತು ಮೈಮುರಿದು ಮತ್ತೆ ಕೂರಿ.