ಬಾಣಂತಿಯ ಹಾಲಿನ ಚಿಂತೆ

ಕೂಸು ಹುಟ್ಟಿದೊಡನೆ ತಾಯಿಗೆ ಹಾಲು ತಾನಾಗಿಯೇ ಇಳಿಯುವುದೆಂದೂ, ಕೂಸು ತಾನಾಗಿಯೇ ಕುಡಿಯುವುದೆಂದೂ, ಇದರಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದೂ ಲೋಕದಲ್ಲಿ ಒಂದು ನಂಬಿಕೆಯುಂಟು. ಹಸುವು ಕರುವಿಗೆ ಹಾಲೂಡಿಸುವುದಕ್ಕೆ ಯಾರ ಬಳಿ ಪಾಠ ಹೇಳಿಸಿಕೊಂಡಿತು ಎಂದು ಕೇಳುವವರೂ ಇದ್ದಾರೆ. ಕರುವಾದರೋ ಹುಟ್ಟಿದ ಕೆಲವು ಗಳಿಗೆಗಳೊಳಗೆ ಎದ್ದು ನಿಂತು ಕೆಚ್ಚಲನ್ನು ಹುಡುಕಿಕೊಂಡು ಹೋಗುತ್ತದೆ. ಮನುಷ್ಯನ ಕೂಸು ತಾಯಿಯ ಎದೆಯ ಮೇಲೆ ಮಲಗಿಸಿದರೆ ಮೆಲ್ಲಗೆ ತೆವಳಿ ತೊಟ್ಟನ್ನು ಅರಸಬಲ್ಲುದಾದರೂ, ತನ್ನ ತಲೆಯ ಭಾರವನ್ನು ತಾನೇ ಹೊರಲಾರದು. ಅದನ್ನು ಹಿಡಿಯತಕ್ಕವಳು ತಾಯಿ. ಹಿಡಿಯುವ ಬಗೆಯನ್ನು ಆಕೆ ಕಲಿಯಬೇಕು. ಕಲಿಯುವುದಕ್ಕೆ ದಿನಗಳು ಹಿಡಿಯುತ್ತವೆ. ಈ ದಿನಗಳಲ್ಲಿ ಒದಗುವ ತೊಡಕುಗಳನ್ನು ಕುರಿತು ಈಗ ಎರಡು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಚೊಚ್ಚಲ ಬಾಣಂತಿಯ ಕೋಣೆಯನ್ನು ಎರಡನೆಯ ದಿನವೋ ಮೂರನೆಯ ದಿನವೋ ನೋಡಬೇಕು. ಕೂಸು ಗಂಟೆಗೊಮ್ಮೆ ಅಳುತ್ತಿರುತ್ತದೆ. ಸುತ್ತಲೂ ಹಿರಿಯ ಹೆಂಗಸರು ಸೇರಿರುತ್ತಾರೆ. ಅವರಲ್ಲೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಮಮತೆಯಿಂದಲೇ, “ಪಾಪ, ಇವಳಿಗೆ ಹಾಲು ಸಾಲದು” ಎಂದುಬಿಡುತ್ತಾರೆ. ಈ ಒಂದು ಮಾತು ಮಾಡುವಷ್ಟು ಕೇಡನ್ನು ಎಷ್ಟೋ ರೋಗಗಳು ಮಾಡಲಾರವೆಂದು ನನ್ನ ಅಭಿಪ್ರಾಯ. ಹೇಗೆಂದರೆ, ಹಾಲಿನ ಕೆಲಸದಲ್ಲಿ ಎರಡು ರಸಗಳು ಸೇರಿವೆ. ಹಾಲನ್ನು ಉತ್ಪತ್ತಿಮಾಡಿಸುವುದು ಪ್ರೋಲ್ಯಾಕ್ಟಿನ್. ಉತ್ಪತ್ತಿಯಾದ ಹಾಲನ್ನು ಹೊರಕ್ಕೆ ನೂಕುವುದು ಆಕ್ಸಿಟೋಸಿನ್. ಕೂಸಿನ ಸ್ಪರ್ಶ, ವಾಸನೆ, ದನಿಗಳಿಂದ ಈ ಎರಡನೆಯ ರಸವು ಉಕ್ಕುತ್ತದೆ. ನೋವಿನಿಂದಲೂ ಅಂಜಿಕೆಯಿಂದಲೂ ನಾಚಿಕೆಯಿಂದಲೂ ಸ್ವಲ್ಪಕಾಲ ಅಡಗುತ್ತದೆ. ಹೊಸಬರು ಕರೆಯಲು ಕುಳಿತರೆ ಹಸುವು ಸೊರೆ ಬಿಡುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಕೊಟ್ಟಿಗೆಯಲ್ಲಿ ಅರಿತ ಈ ಸತ್ಯವನ್ನು ಬಾಣಂತಿಯ ಕೋಣೆಯಲ್ಲಿ ಮರೆಯುವುದೇಕೆ?

ಮೊದಲ ದಿನದ ಹಾಲು ಸ್ವಲ್ಪವೇ ಇರತಕ್ಕದ್ದು. ಹೊಂಬಣ್ಣದ, ಅಂಟಾದ ಆ ಹಾಲು ಒಂದು ಸಲಕ್ಕೆ 2ರಿಂದ 10 ಮಿಲಿಲೀಟರ್ ಮಾತ್ರ, ಎಂದರೆ ಒಂದೆರಡು ಸಣ್ಣ ಚಮಚ. ಆಗತಾನೆ ಹುಟ್ಟಿದ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ರೋಗಗಳನ್ನು ತಡೆಯುವ ವಸ್ತುಗಳು ಅದರಲ್ಲಿ ಹೇರಳವಾಗಿವೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ಈಗಲೂ ಪೂರ್ತಿ ಅಳಿದಿಲ್ಲ. ನಿಜವಾದ ತುಂಬುಹಾಲು ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಚೊಚ್ಚಲ ಹೆರಿಗೆಯಲ್ಲಿಯೂ, ಸಿಸೇರಿಯನ್ ಶಸ್ತ್ರಕ್ರಿಯೆಯಾದವರಲ್ಲಿಯೂ, ಸಕ್ಕರೆ ರೋಗವಿರುವವರಲ್ಲಿಯೂ ಒಂದು ದಿನ ತಡವಾಗಬಹುದು. ಈ ನಡುವಣ ದಿನಗಳಲ್ಲಿಯೇ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆಗಳು ಕೂಸಿನ ಬಾಯಿಗೆ ಬೀಳುವುದು. ಜೇನಿನಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳು ಇರಬಹುದಾದುದರಿಂದ ಒಂದು ವರ್ಷ ತುಂಬುವವರೆಗೆ ಅದನ್ನು ನೆಕ್ಕಿಸಲೇಬಾರದು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ತೊಟ್ಟು ಬಿರಿಯುವುದು, ಹಾಲು ಕಟ್ಟಿಕೊಳ್ಳುವುದು, ಕೂಸು ಕುಡಿದೂ ಕುಡಿದೂ ತೃಪ್ತಿಗೊಳ್ಳದಿರುವುದು, ಈ ಮೂರಕ್ಕೂ ಬಹುಮಟ್ಟಿಗೆ ಬೇರು ಒಂದೇ: ಕೂಸು ಬರಿಯ ತೊಟ್ಟನ್ನು ಹಿಡಿದಿರುತ್ತದೆ. ತೊಟ್ಟಿನಲ್ಲಿ ಹಾಲಿಲ್ಲ, ಅದು ಬಾಗಿಲು ಮಾತ್ರ. ತೊಟ್ಟಿನ ಸುತ್ತಣ ಕಪ್ಪು ಭಾಗವೂ ಕೂಸಿನ ಬಾಯೊಳಗೆ ಹೋದರೆ ಹಾಲು ಸುಲಭವಾಗಿ ಬರುತ್ತದೆ. ತಾಯಿ ಮೊದಲು ತಾನು ಬೆನ್ನಿಗೆ ಒರಗನ್ನಿಟ್ಟುಕೊಂಡು ಸುಖವಾಗಿ ಕುಳಿತುಕೊಳ್ಳಲಿ. ಕೂಸನ್ನು ಪೂರ್ತಿಯಾಗಿ ತನ್ನ ಕಡೆಗೆ ತಿರುಗಿಸಿ ಹೊಟ್ಟೆಗೆ ಹೊಟ್ಟೆ ತಾಗುವಂತೆ ಹಿಡಿಯಲಿ. ಮುಖವೊಂದು ಕಡೆ ಮೈಯೊಂದು ಕಡೆ ಇದ್ದರೆ ನಾವಾದರೂ ನೀರು ನುಂಗಬಲ್ಲೆವೇ? ಕೂಸಿನ ಮೂಗು ತೊಟ್ಟಿನ ನೇರಕ್ಕೆ ಇರಲಿ. ತೊಟ್ಟಿನಿಂದ ಅದರ ಮೇಲ್ದುಟಿಯನ್ನು ಸವರಿದರೆ, ಆಕಳಿಸುವಂತೆ ಬಾಯನ್ನು ಅಗಲವಾಗಿ ತೆರೆಯುತ್ತದೆ. ಆ ಕ್ಷಣದಲ್ಲಿ ಕೂಸನ್ನು ಎದೆಗೆ ತರಬೇಕೇ ಹೊರತು, ತಾಯಿ ಬಗ್ಗಿ ಎದೆಯನ್ನು ಕೂಸಿಗೆ ಒಯ್ಯಬಾರದು. ಗಲ್ಲವು ಎದೆಗೆ ತಾಗಿದ್ದು, ಕೆಳದುಟಿ ಹೊರಮಗುಚಿದ್ದು, ಕಪ್ಪು ಭಾಗವು ಮೇಲುಗಡೆ ಹೆಚ್ಚಾಗಿಯೂ ಕೆಳಗಡೆ ಕಡಿಮೆಯಾಗಿಯೂ ಕಾಣುತ್ತಿದ್ದರೆ ಹಿಡಿತ ಸರಿಯೆಂದು ತಿಳಿಯಬಹುದು. ಮೊದಲು ಬೇಗಬೇಗನೆ ಚೀಪಿ, ಹಾಲು ಇಳಿದಮೇಲೆ ನಿಧಾನವಾಗಿ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸುತ್ತದೆ. ನೋವು ನಿಲ್ಲದೆ ಉಳಿದರೆ ಹಲ್ಲು ಕಚ್ಚಿ ಸಹಿಸುವುದು ಬೇಡ. ಕಿರುಬೆರಳನ್ನು ಕೂಸಿನ ಬಾಯಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಹತ್ತು ಸಲವಾದರೂ ಸರಿಯೇ. ಹೊಟ್ಟೆಯ ಮೇಲೆ ಹೊಲಿಗೆಯಿರುವವರು ಮಗ್ಗುಲಾಗಿ ಮಲಗಿಯೋ, ಕೂಸನ್ನು ಕಂಕುಳ ಕೆಳಗಿನಿಂದ ಹಿಡಿದೋ ಕುಡಿಸಬಹುದು.

ಕೆಲವರಿಗೆ ತೊಟ್ಟು ಒಳಕ್ಕೆ ಸೇದಿಕೊಂಡಿರುತ್ತದೆ. ಇದಕ್ಕೆ ಒಂದು ಸುಲಭೋಪಾಯವನ್ನು ಜಗತ್ತಿಗೆ ತಿಳಿಸಿದವರು ನಮ್ಮ ದಾವಣಗೆರೆಯ ವೈದ್ಯರೆಂಬುದು ನಮ್ಮಲ್ಲೇ ಅನೇಕರಿಗೆ ತಿಳಿಯದು. ಶಿಶುವೈದ್ಯೆ ಡಾಕ್ಟರ್ ನಿರ್ಮಲಾ ಕೇಸರಿಯವರೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹೊಸ ಸಿರಿಂಜೊಂದರ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಕತ್ತರಿಸಿದ ಕಡೆಯಿಂದ ಒಳಗಿನ ಪಿಸ್ಟನನ್ನು ಹೊಗಿಸಿ, ನಯವಾಗಿರುವ ಮತ್ತೊಂದು ತುದಿಯನ್ನು ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆಯುವುದು. ಅರ್ಧ ನಿಮಿಷವೋ ಒಂದು ನಿಮಿಷವೋ ಹಾಗೆ ಹಿಡಿದರೆ ತೊಟ್ಟು ಹೊರಬರುತ್ತದೆ. ಕೂಡಲೆ ಕೂಸಿಗೆ ಹಿಡಿಸಬೇಕು. ನೋವಾಗುವಷ್ಟು ಎಳೆಯಕೂಡದು. ಮೊದಲ ಸಲ ದಾದಿಯೊಬ್ಬರು ಹತ್ತಿರವಿದ್ದು ತೋರಿಸಿಕೊಟ್ಟರೆ ಮೇಲು.

ಮೂರು ನಾಲ್ಕನೆಯ ದಿನ ಎದೆಯು ಕಲ್ಲಿನಂತಾಗಿ ಕೂಸಿಗೆ ಹಿಡಿಯುವುದಕ್ಕೇ ಆಗದಿರುವುದುಂಟು. ಆಗ ಕೈಯಿಂದ ಸ್ವಲ್ಪ ಹಾಲನ್ನು ಹಿಂಡಿ ತೆಗೆದು ಕಪ್ಪು ಭಾಗವನ್ನು ಮೆದುಮಾಡಿ ಆಮೇಲೆ ಕುಡಿಸಬೇಕು. ಕುಡಿಸಿದಮೇಲೆ ತಣ್ಣೀರಿನ ಬಟ್ಟೆಯನ್ನಿಟ್ಟರೆ ಬಾವು ಇಳಿಯುತ್ತದೆ. ಹಾಗೆಯೇ ಬಿಟ್ಟರೆ ಒಂದೆಡೆ ಕೆಂಪೇರಿ ಗಂಟುಕಟ್ಟಿ ಚಳಿಜ್ವರ ಬರಬಹುದು. ಇಂಥ ಜ್ವರದಲ್ಲಿ ಹಾಲು ಕೆಟ್ಟಿತೆಂದು ಕೂಸನ್ನು ಬಿಡಿಸುವವರಿದ್ದಾರೆ. ಹಾಲು ಕೆಟ್ಟಿರುವುದಿಲ್ಲ, ಕುಡಿಸುವುದನ್ನು ಏಕಾಏಕಿ ನಿಲ್ಲಿಸಿದರೆ ಬಾವು ಹೆಚ್ಚೀತು. ಒಂದು ದಿನದೊಳಗೆ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಹಾಗಾದರೆ ಹಾಲು ಸಾಲುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದಲ್ಲ, ಕೂಸು ನೂರು ಕಾರಣಗಳಿಗೆ ಅಳುತ್ತದೆ. ಎದೆ ಮೆತ್ತಗಾದುದರಿಂದಲೂ ಅಲ್ಲ. ಬಟ್ಟೆಯನ್ನು ನೋಡಬೇಕು. ಐದನೆಯ ದಿನದಿಂದಾಚೆಗೆ ದಿನಕ್ಕೆ ಆರು ಸಲವಾದರೂ ತಿಳಿಯಾದ ಮೂತ್ರ ಹೋಗಬೇಕು. ಕಪ್ಪಗಿದ್ದ ಮಲವು ಅಷ್ಟರೊಳಗೆ ಹಳದಿಗೆ ತಿರುಗಿರಬೇಕು. ತಕ್ಕಡಿಯನ್ನೂ ನೋಡಬೇಕು. ಮೂರು ಕಿಲೋ ತೂಗುತ್ತಿದ್ದ ಕೂಸು ಮೊದಲ ದಿನಗಳಲ್ಲಿ ಇನ್ನೂರು ಗ್ರಾಂ ಇಳಿದರೆ ಗಾಬರಿಗೆ ಕಾರಣವಿಲ್ಲ, ಎರಡು ವಾರಗಳೊಳಗೆ ಹುಟ್ಟುತೂಕಕ್ಕೆ ಮರಳುತ್ತದೆ. ಮುನ್ನೂರು ಗ್ರಾಂ ಇಳಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಎಬ್ಬಿಸಿದರೂ ಏಳದೆ ಸದಾ ನಿದ್ರಿಸುವ ಕೂಸನ್ನು “ಎಂಥ ಸಾಧು ಮಗು” ಎಂದು ಹೊಗಳುತ್ತ ಕೂರುವುದು ಅಪಾಯ. ಹಾಲು ಸಾಲದೆ ಮೈಯ ನೀರು ಬತ್ತಿದ ಕೂಸು ಅಳುವುದನ್ನೇ ಬಿಟ್ಟು ಮಂಕಾಗುತ್ತದೆ. ಕಾಮಾಲೆಯ ಹಳದಿ ಏರಿದಾಗಲೂ ಹೀಗೆಯೇ. ಇಲ್ಲಿ ಗಂಟೆಗಳ ವಿಳಂಬವೂ ಪ್ರಾಣಕ್ಕೆ ಎರವಾಗಬಹುದು.

ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕುಡಿಸುವುದು, ರಾತ್ರಿ ಕುಡಿಸದಿರುವುದು ಎಂಬ ನಿಯಮವನ್ನು ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹರಡಿದನು. ವಿದ್ಯಾವಂತರ ಮನೆಗಳಲ್ಲಿ ಅದಕ್ಕೆ ಬಹಳ ಮನ್ನಣೆ ದೊರೆಯಿತು. ಈಗ ಅದನ್ನು ಕೈಬಿಡಲಾಗಿದೆ. ಎಳೆಗೂಸು ದಿನವೊಂದಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ. ಪ್ರೋಲ್ಯಾಕ್ಟಿನ್ ರಾತ್ರಿಯಲ್ಲಿಯೇ ಹೆಚ್ಚಾಗಿ ಸ್ರವಿಸುವುದರಿಂದ ರಾತ್ರಿ ಕುಡಿಸಿದಷ್ಟೂ ಹಾಲಿಗೆ ಒಳ್ಳೆಯದು. ಎದೆ ಬರಿದಾದಷ್ಟೂ ತುಂಬುತ್ತದೆ, ತುಂಬಿದ್ದಂತೆಯೇ ಬಿಟ್ಟರೆ ಬತ್ತುತ್ತದೆ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಗಳನ್ನು ಬಾಣಂತಿ ಸಂತೋಷವಾಗಿ ತಿನ್ನಲಿ. ಆದರೆ ಕೂಸಿನ ಚೀಪುವಿಕೆಗೆ ಅವು ಬದಲಾಗಲಾರವು. ನೀರು ಕೊಟ್ಟರೆ ನಂಜಾಗುವುದೆಂದು ಬಾಣಂತಿಯನ್ನು ಬಾಯಾರಿಸುವುದು ಮಾತ್ರ ಶುದ್ಧ ಅನ್ಯಾಯ.

ಇಷ್ಟೆಲ್ಲ ಮಾಡಿದರೂ ಹಾಲು ಸಾಲದ ತಾಯಂದಿರು ಕೆಲವರಿದ್ದಾರೆ. ಶರೀರದ ದೋಷಕ್ಕೆ ಅವರನ್ನು ಹಳಿಯಬಾರದು. ವೈದ್ಯರು ಮೇಲುಹಾಲು ಬೇಕೆಂದರೆ ಕೊಡಬೇಕು, ಜೊತೆಗೆ ಎದೆಗೂ ಹಾಕುತ್ತಿರಬೇಕು. ಸಿಹಿಗೊಳಿಸಿದ ಡಬ್ಬಿ ಹಾಲನ್ನು ಶಿಶುಗಳ ಆಹಾರವೆಂದು ಮಾರುತ್ತಿದ್ದುದನ್ನು ಖಂಡಿಸಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಾಪುರದ ರೋಟರಿ ಸಂಘದಲ್ಲಿ ಮಾಡಿದ ಭಾಷಣಕ್ಕೆ “ಹಾಲು ಮತ್ತು ಕೊಲೆ” ಎಂದೇ ಹೆಸರಿಟ್ಟಿದ್ದರು. ನಮ್ಮ ದೇಶದಲ್ಲಿ 1992ರ ಕಾನೂನು ಇಂಥ ಹಾಲಿನಪುಡಿಯ ಮತ್ತು ಸೀಸೆಗಳ ಜಾಹೀರಾತನ್ನು ನಿಷೇಧಿಸಿದೆ. ಸೀಸೆಯ ರಬ್ಬರನ್ನು ಚೀಪಿ ರೂಢಿಯಾದ ಕೂಸು ಎದೆಯನ್ನು ಹಿಡಿಯಲು ತಕರಾರು ಮಾಡುವುದುಂಟು. ಅದರ ಸಂದಿಗಳನ್ನು ತೊಳೆಯುವುದೂ ಕಷ್ಟ. ನಮ್ಮ ಅಜ್ಜಿಯರ ಕಾಲದ ಒಳಲೆಯು ಈ ಎರಡು ದೋಷಗಳಿಂದಲೂ ದೂರ. ಇಂದಿಗೂ ಆಸ್ಪತ್ರೆಗಳಲ್ಲಿ, ದಿನ ತುಂಬದೆ ಹುಟ್ಟಿ ಚೀಪಲಾರದ ಕೂಸುಗಳಿಗೆ, ತಾಯಿಯಿಂದಲೇ ಹಿಂಡಿ ತೆಗೆದ ಹಾಲನ್ನು ಒಳಲೆಯಿಂದ ಕುಡಿಸುತ್ತಾರೆ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಒಳಲೆಯನ್ನು ಕೆಳದುಟಿಯ ಮೇಲಿಟ್ಟು, ಕೂಸನ್ನು ತುಸು ಎತ್ತಿ ಹಿಡಿದು, ಹನಿಹನಿಯಾಗಿ ಬಿಡಬೇಕು. ಒಂದು ಗುಟುಕು ನುಂಗಿದಮೇಲೆಯೇ ಮುಂದಿನದು.