ಮತ್ತೊಮ್ಮೆ ಆರಿಸುವುದಾದರೆ

“ಮತ್ತೊಮ್ಮೆ ಕಟ್ಟಿಸುವುದಾದರೆ ಇವನ್ನೇ ಆರಿಸುವಿರಾ?” ಮನೆ ಕಟ್ಟಿಸಿದವರನ್ನು ಕೇಳಬೇಕಾದ ಪ್ರಶ್ನೆಯಿದು. ಅಡುಗೆಕಟ್ಟೆಯ ಕರಿಯ ಗ್ರಾನೈಟನ್ನು ನಾನು ಮತ್ತೆಯೂ ಆರಿಸಿಯೇನು. ಹುಣಿಸೆ, ನಿಂಬೆಗಳ ಹುಳಿ ಅಮೃತಶಿಲೆಯನ್ನು ತಿಂದು ಕಲೆಯುಳಿಸುತ್ತದೆ. ಗ್ರಾನೈಟು ಅದಕ್ಕೆ ಜಗ್ಗದು.

ನೆಲದ ಮಾತು ಬೇರೆ. ಹಳೆಯ ಕೆಂಪು ಗಾರೆಯನ್ನು ಕೀಳಿಸಿ, ಕನ್ನಡಿಯಂಥ ವಿಟ್ರಿಫೈಡ್ ಬಿಲ್ಲೆಗಳನ್ನು ಹಾಸಿಸಿದೆ. ಅವು ಹೀರುವ ನೀರು ತೂಕದ ಶೇಕಡ 0.5ನ್ನು ಮೀರದು, ಕಲೆ ಹಿಡಿಯದ ಗುಣ ಅದರಿಂದಲೇ. ಆದರೆ ಚೆಲ್ಲಿದ ನೀರೂ ಮೇಲೆಯೇ ನಿಲ್ಲುತ್ತದೆ. ಒಂದು ಮುಂಜಾನೆ ತಾಯಿಯವರು ಜಾರಿ ಬಿದ್ದರು. ಮೂಳೆ ಕೂಡಿತು; ಧೈರ್ಯ ಕೂಡಲಿಲ್ಲ. ಇಂದಿಗೂ ಗೋಡೆ ಹಿಡಿದೇ ನಡೆಯುತ್ತಾರೆ.

ಅಂಗಡಿಯಲ್ಲಿ ನಾನು ನೋಡಿದ್ದು ಹೊಳಪನ್ನು ಮಾತ್ರ. ಈಗ ಒರಟು ಮೈಯ ಬಿಲ್ಲೆಗಳನ್ನು ಹಾಸಿಸಬೇಕೆಂದಿದ್ದೇನೆ. ಈ ಸಲ ಮಾದರಿಯ ಮೇಲೆ ನೀರು ಸುರಿಯುತ್ತೇನೆ. ಕುಳಿತಲ್ಲೇ ಅಂಗಾಲೂರಿ ನೋಡಿ ಒಪ್ಪಬೇಕಾದವರು ಅವರು.